ಪೊನ್ನುತಾಯಿ ಅತ್ತೆಯ ಜಗುಲಿಯಲ್ಲಿ ಖಾಲಿ ಹೊಟ್ಟೆ

ಕೊಂಬೈಯಲ್ಲಿ ನಮ್ಮ ಬೀದಿಯವರ ಬೆರಳು ಚುಚ್ಚಿ, ರಕ್ತದ ಸಕ್ಕರೆ ಅಳೆದು, ಅಂಕಿಯನ್ನು ಸರ್ಕಾರಕ್ಕೆ ಕಳಿಸುವ ಕೆಲಸ ನನ್ನದು. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿ, ಹೋಗಿ ಹೋಗಿ ಪೊನ್ನುತಾಯಿ ಅತ್ತೆಯ ಜಗುಲಿಯಲ್ಲಿ ಕೂತೆ. ತನ್ನ ಜಗುಲಿಯಲ್ಲಿ ಯಾರಾದರೂ ಹಸಿದು ಕೂತರೆ ಅತ್ತೆಗೆ ಮಾನ ಹೋದ ಹಾಗೆ. ನನಗೆ ಕಾಣದಂತೆ ಒಬ್ಬೊಬ್ಬರನ್ನೂ ಹಿತ್ತಿಲಿಗೆ ಕರೆದು, ಲೋಟ ತುಂಬ ಬೆಲ್ಲದ ಕಾಪಿ ಕುಡಿಸಿ ಕಳಿಸಿದಳು.

ಸಕ್ಕರೆ ಕಾಯಿಲೆಯಲ್ಲಿ ನಮ್ಮ ಬೀದಿ ಜಿಲ್ಲೆಗೇ ಮೊದಲು ಬಂತು. ಅಂಕಿ ನೋಡಿ ಗಾಬರಿಯಾದ ಮೇಲಿನವರು ವ್ಯಾನಿನಲ್ಲಿ ಡಾಕ್ಟರನ್ನೇ ಕಳಿಸಿದರು. ಡಾಕ್ಟರು ಬೆರಳು ಕೇಳಿದರೆ, ಅತ್ತೆಯ ಗಂಡ ವೇಲುಸಾಮಿ ಮಾವ ಕೈ ಹಿಂದಕ್ಕೆ ಎಳೆದುಕೊಂಡು, "ಇನ್ನೂ ಕಾಪಿ ಬಂದಿಲ್ವಲ್ಲ" ಅಂದ.

ನನಗೆ ಮೈಯೆಲ್ಲ ಉರಿಯಿತು. "ಏನತ್ತೆ ಇದು?"

"ರಕ್ತ ತಗಂತೀಯ, ಬದ್ಲಿಗೆ ಒಂದು ಲೋಟ ಕಾಪಿ ಬ್ಯಾಡ್ವಾ?"

ಮರುದಿನ ಬೆಳಿಗ್ಗೆ ಅತ್ತೆಯ ಒಲೆಗೆ ನಾನೇ ಕಾವಲು ಕೂತೆ. ಡಾಕ್ಟರು ಎಲ್ಲರ ಸಕ್ಕರೆಯನ್ನೂ ಮತ್ತೆ ಅಳೆದರು. ಯಾರಿಗೂ ಕಾಯಿಲೆ ಇರಲಿಲ್ಲ. ಮೊದಲ ಸಲ ಕಾಪಿ ಕೊಡುವ ಗಡಿಬಿಡಿಯಲ್ಲಿ ಬೆರಳು ಕೊಡದೆ ಉಳಿದವಳು ಅತ್ತೆ ಒಬ್ಬಳೇ. ಅವಳ ಬೆರಳನ್ನೂ ಚುಚ್ಚಿದೆ. ಖಾಲಿ ಹೊಟ್ಟೆಯಲ್ಲೇ ಮುನ್ನೂರ ನಲವತ್ತು.

ಅತ್ತೆಯ ಮುಖ ಅರಳಿತು. "ಸದ್ಯ, ಡಾಕ್ಟ್ರು ಅಷ್ಟು ದೂರದಿಂದ ಸುಮ್ನೆ ಬಂದಂಗೆ ಆಗ್ಲಿಲ್ಲ."