ಸಂಕರ್ಷಣರಾಯರ ವಿಮಾನ ಮತ್ತು ವಿಷ್ಣುಪಂಚಕ

ಸಂಕರ್ಷಣರಾಯರು ಹದಿನೈದು ವರ್ಷ ವಾಯುಪಡೆಯಲ್ಲಿದ್ದರು ಎಂದೊಡನೆ ಮುಳಬಾಗಿಲಿನ ಜನ ಅವರನ್ನು ಪೈಲಟ್ ಮಾಡಿಬಿಡುತ್ತಿದ್ದರು. ರಾಯರು ಕೂಡಲೇ ತಿದ್ದುವರು. "ಹಾರಿದೋನಲ್ಲಪ್ಪ ನಾನು, ಹಾರೋರ ಟೈರಿಗೆ ಗಾಳಿ ತುಂಬಿದೋನು!" ಜಾಮ್‌ನಗರ, ತಾಂಬರಂ, ಹಕೀಂಪೇಟೆ ಎಂದು ಊರೂರು ಸುತ್ತಿ, ಲೆಕ್ಕವಿಲ್ಲದಷ್ಟು ವಿಮಾನಗಳ ಚಕ್ರ, ಬ್ರೇಕು ನೋಡಿ ಕಳಿಸಿದ ಆಸಾಮಿ ಒಂದು ಸಲವೂ ಪೈಲಟ್ ಸೀಟಿನಲ್ಲಿ ಕೂತು ನೆಲ ಬಿಟ್ಟವರಲ್ಲ. ಅಲ್ಲಿಂದ ಬಂದು ತಾಲ್ಲೂಕು ಕಚೇರಿ ಸೇರಿ, ಇಪ್ಪತ್ಮೂರು ವರ್ಷ ಕಡತಗಳ ಧೂಳು ಕುಡಿದು ನಿವೃತ್ತರಾದರು. 2002ರಲ್ಲಿ ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್, ವಿಮಾನ ಹಾರಿಸುವ ಆಟದ ಒಂದು ಸಿ.ಡಿ. ತಂದರು. ಅರವತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಬೇಕಾಗಿದ್ದ ಕೆಲಸ ಕೊನೆಗೂ ಸಿಕ್ಕಿತು.

ಸ್ನಾನ, ಸಂಧ್ಯಾವಂದನೆ, ಪೂಜೆ, ಊಟ ಮುಗಿಸಿ, ಮಧ್ಯಾಹ್ನ ಎರಡಕ್ಕೆ ಕರೆಂಟ್ ಇದ್ದರೆ ವಿಮಾನ ಹೊರಡುತ್ತಿತ್ತು. ಬೆಂಗಳೂರಿನಿಂದ ಮದ್ರಾಸಿಗೆ. ಪೈಲಟ್ಟು ಕಚ್ಚೆಪಂಚೆಯಲ್ಲಿ, ಹಣೆಯ ಮೇಲೆ ಅಂಗಾರ ಅಕ್ಷತೆ. ಪಕ್ಕದಲ್ಲಿ ಹೆಂಡತಿ ಅಂಬಾಬಾಯಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂರುವರು.

"ಎಲ್ಲಿದೀವಿ ರೀ ಈಗ?"

"ನಮ್ಮೂರ ಮೇಲೇ ಕಣೇ."

"ಹಾಗಾದ್ರೆ ಮಹಡಿ ಮೇಲೆ ಹಪ್ಪಳ ಒಣಗಿದ್ಯಾ ನೋಡಿ. ಮೆಟ್ಲು ಹತ್ತೋದು ತಪ್ಪುತ್ತೆ ನಂಗೆ."

ಹಪ್ಪಳ ಹಾಗಿರಲಿ, ಆ ಆಟದಲ್ಲಿ ಊರ ಹತ್ತಿರದ ಆವನಿ ಬೆಟ್ಟವೇ ಇರಲಿಲ್ಲ. ಮುಳಬಾಗಿಲು ಇರಬೇಕಾದ ಜಾಗದಲ್ಲಿ ಮಾಸಿದ ಕಂಬಳಿಯಂಥ ನೆಲ. ಆದರೂ ರಾಯರು ಅಲ್ಲಿಗೆ ಬಂದಾಗ ಸ್ವಲ್ಪ ಕೆಳಗಿಳಿಸಿ ಹಾರಿಸುತ್ತಿದ್ದರು. ಹಾರುತ್ತ ಹಳೆಯ ಕಥೆ ತೆಗೆಯುವರು. ಹಕೀಂಪೇಟೆಯಲ್ಲಿ ಒಬ್ಬ ಪೈಲಟ್ ಹತ್ತುವ ಮುಂಚೆ ಒಂದೊಂದು ಚಕ್ರವನ್ನೂ ಒದ್ದು ನೋಡುತ್ತಿದ್ದನಂತೆ, ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವನ ಗತ್ತಿನಲ್ಲಿ. ಏಕಾದಶಿ ಬಂತೆಂದರೆ ರಾಯರ ಪಾಲಿನ ಪೂರಿಗಾಗಿ ಮೆಸ್ಸಿನಲ್ಲಿ ಉಳಿದವರು ಸಾಲು ನಿಲ್ಲುತ್ತಿದ್ದರಂತೆ. ಉಪನಯನವಾದಂದಿನಿಂದ ಏಕಾದಶಿ ದಿನ ನೀರನ್ನೂ ಮುಟ್ಟದ ಮನುಷ್ಯ. ಮಿಲಿಟರಿಯೂ ಅದನ್ನು ಬಿಡಿಸಲಾಗಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ವಿಮಾನ ಎಡವಟ್ಟು ಮಾಡತೊಡಗಿತು. ಮದ್ರಾಸಿನಲ್ಲಿ ಇಳಿಸುವಾಗ ರನ್‌ವೇಯ ಎಡಗಡೆಯ ದೀಪಗಳೇ ಮಾಯ. ಬಲಗಡೆಯದನ್ನೇ ನಂಬಿ ಇಳಿಸಿದರೆ ಚಕ್ರ ಹುಲ್ಲಿನ ಮೇಲೆ. ರಾಯರು ಮಾನಿಟರಿಗೆ ಬೈಗುಳದ ಸಹಸ್ರನಾಮ ಮಾಡಿದರು. ಹಳೆಯ ಕಂಬಳಿಯಲ್ಲಿ ಅದನ್ನು ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೋಲಾರಕ್ಕೆ ಒಯ್ದರು.

ರಿಪೇರಿ ಅಂಗಡಿಯ ಅರುಣ್‌ಕುಮಾರ್ ಅದನ್ನು ಜೋಡಿಸಿ, ರಾಯರ ಸಿ.ಡಿ.ಯನ್ನೇ ಹಾಕಿ ನೋಡಿದ. "ಏಮೀ ಕಾಲೇದು ಸಾರ್. ಏನೂ ಆಗಿಲ್ಲ ಇದಕ್ಕೆ. ಎರಡು ಕಡೇನೂ ದೀಪ ಉರೀತಿದಾವಲ್ಲ, ಇಲ್ಲಿ ನೋಡಿ" ಎಂದು ಬೆರಳಿಟ್ಟು ತೋರಿಸಿದ.

ರಾಯರಿಗೆ ಅವನ ಬೆರಳೂ ಕಾಣಲಿಲ್ಲ. ಆಮೇಲೆ ಒಯ್ಯುತ್ತೇನೆಂದು ಮಾನಿಟರನ್ನು ಅಲ್ಲೇ ಬಿಟ್ಟು ಕಣ್ಣಿನ ಡಾಕ್ಟರನ್ನು ಹುಡುಕಿಕೊಂಡು ಹೋದರು.

ಡಾಕ್ಟರ್ ರಜನಿ ದೀಪ ಬಿಟ್ಟು, ಅಳೆದು, ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ ಎಂದರು. ಒತ್ತಡ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಟೈರಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೋಗಿರೋದು ವಾಪಸ್ ಬರೋಲ್ಲ ರಾಯರೇ. ಇರೋದನ್ನ ಉಳಿಸ್ಕೊಳ್ಳೋಣ. ಬೆಳಿಗ್ಗೆ ಒಂದು ಹನಿ, ರಾತ್ರಿ ಒಂದು ಹನಿ. ತಪ್ಪಿಸ್ಬೇಡಿ."

ರಾಯರಿಗೆ ಕತ್ತಲೆಯ ಭಯ ಹುಟ್ಟಿದ್ದು ಅಂದು. ಬಸ್ಸಿನ ಕಿಟಕಿಯಲ್ಲಿ ಕಂಡ ಪ್ರತಿಯೊಂದು ಬೋರ್ಡನ್ನೂ ಬಾಯಿಬಿಟ್ಟು ಓದಿಕೊಂಡೇ ಊರಿಗೆ ಬಂದರು. ಅಂಬಾಬಾಯಿ ಕೇಳಿ ಅತ್ತರು, ಆಮೇಲೆ ಕಣ್ಣೊರೆಸಿಕೊಂಡು ಪಂಚಾಂಗ ತೆಗೆದರು. ಒಂದು ವರ್ಷ ವಿಷ್ಣುಪಂಚಕ ಮಾಡೋಣ ಎಂದರು. ಎರಡು ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಶ್ರವಣ ನಕ್ಷತ್ರ. ತಿಂಗಳಿಗೆ ಐದು ಉಪವಾಸ. ರಾಯರು ಮಠದ ಆಚಾರ್ಯರ ಮುಂದೆ ಸಂಕಲ್ಪ ಮಾಡಿದರು. ಕಣ್ಣು ಉಳಿದರೆ ಸಾಕು, ಐದೇನು, ಹತ್ತು ಉಪವಾಸಕ್ಕೂ ಅವರು ತಯಾರಿದ್ದರು.

ಹನಿ ಹಾಕುವ ಕೆಲಸ ಅಂಬಾಬಾಯಿಯದು. ಮೊದಲ ಉಪವಾಸದ ಬೆಳಿಗ್ಗೆ ಬಾಟಲಿ ಹಿಡಿದವರು ತಡೆದರು.

"ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳಿದು ಕಹಿ ಆಗುತ್ತೆ ಅಂತಿದ್ರಲ್ಲ. ಹಾಗಾದ್ರೆ ಕುಡಿದ ಹಾಗೇ ಆಯ್ತಲ್ವೇ?"

"ಹೌದಲ್ಲ" ಎಂದರು ರಾಯರು. "ಬಿಡು, ಒಂದು ದಿನಕ್ಕೇನಾಗುತ್ತೆ."

ಔಷಧಕ್ಕೆ ದೋಷವಿದೆಯೇ ಎಂದು ಆಚಾರ್ಯರನ್ನು ಕೇಳಿದ್ದರೆ ಅವರು ನಕ್ಕು, ಧಾರಾಳವಾಗಿ ಹಾಕಿಕೊಳ್ಳಿ ಎನ್ನುತ್ತಿದ್ದರು. ಇವರಿಬ್ಬರೂ ಕೇಳಲಿಲ್ಲ. ತಮಗಿಂತ ಕಟ್ಟಾಗಿ ಯಾರೂ ಉಪವಾಸ ಮಾಡಬಾರದೆಂಬ ಹಟ ಇಬ್ಬರಿಗೂ ಇತ್ತು.

ಆ ವರ್ಷ ರಾಯರು ಹುಚ್ಚು ಹಿಡಿದವರಂತೆ ಹಾರಿಸಿದರು. ದಿನಕ್ಕೆ ನಾಲ್ಕು ಸಲ, ಐದು ಸಲ. ಇಳಿಸಲು ಬರುತ್ತಿದೆ ಎಂದರೆ ಕಣ್ಣು ಇದೆ ಎಂದು ಅವರಿಗೆ ಅರ್ಥ. ಮಳೆಗಾಲದ ಹೊತ್ತಿಗೆ ಐದರಲ್ಲಿ ಎರಡು ಇಳಿಯುತ್ತಿದ್ದವು, ದೀಪಾವಳಿಗೆ ಒಂದು. ಸಂಕ್ರಾಂತಿಯ ಆಚೆಗೆ ಒಂದೂ ಇಲ್ಲ. ರನ್‌ವೇ ಒಂದು ಓಣಿಯಾಯಿತು, ಆಮೇಲೆ ಕಿಂಡಿಯಾಯಿತು. ಹಳೆಯ ಕಥೆಗಳೂ ನಿಂತವು. ಅಂಬಾಬಾಯಿ ಎಲ್ಲಿದೀವಿ ಎಂದು ಕೇಳುವುದನ್ನು ಬಿಟ್ಟರು.

ವ್ರತ ಮುಗಿಯಲು ಹದಿನೈದು ದಿನವಿರುವಾಗ ರಾಯರು ಒಬ್ಬರೇ ಡಾಕ್ಟರ ಬಳಿ ಹೋದರು. ಡಾಕ್ಟರು ಅಳೆದರು, ಮತ್ತೊಮ್ಮೆ ಅಳೆದರು.

"ಹನಿ ತಪ್ಪಿಸಿದೀರಾ?"

"ಇಲ್ಲಮ್ಮ. ಉಪವಾಸದ ದಿನ ಮಾತ್ರ..."

"ತಿಂಗಳಿಗೆ ಎಷ್ಟು ಉಪವಾಸ?"

"ಐದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಂದ್ರೆ ವರ್ಷದಲ್ಲಿ ಎರಡು ತಿಂಗಳು ಔಷಧಿ ಇಲ್ಲ. ಬಿಟ್ಟ ದಿನವೆಲ್ಲ ಒತ್ತಡ ಏರಿದೆ ರಾಯರೇ. ಎಡಗಣ್ಣು ಹೋದ ಹಾಗೇ. ಬಲಗಣ್ಣಲ್ಲಿ ಸ್ವಲ್ಪ ಉಳಿದಿದೆ. ಇನ್ನು ಒಂದು ಹೊತ್ತು ಬಿಟ್ರೂ ಅದೂ ಇರೋಲ್ಲ."

ರಾಯರಿಗೆ ತಮ್ಮ ಕಣ್ಣಿಗಿಂತ ಮೊದಲು ನೆನಪಾದದ್ದು ಬಾಟಲಿ ಹಿಡಿದು ತಡೆದ ಆ ಕೈ. ಇದನ್ನು ಕೇಳಿದರೆ ಅವಳು ಉಳಿಯುವುದಿಲ್ಲ ಎನಿಸಿತು. ಮನೆಯಲ್ಲಿ "ವಯಸ್ಸಿನದಂತೆ ಕಣೇ" ಎಂದುಬಿಟ್ಟರು.

"ಹಾಗಾದ್ರೆ ಇನ್ನೊಂದು ವರ್ಷ ಮುಂದುವರಿಸೋಣ" ಎಂದರು ಅಂಬಾಬಾಯಿ. "ಇಷ್ಟಾದ್ರೂ ಉಳಿದಿರೋದು ವ್ರತದಿಂದಾನೇ."

ಮೂರನೆಯ ದಿನ ಏಕಾದಶಿ. ಬೆಳಿಗ್ಗೆ ರಾಯರು ಬಾಟಲಿಯನ್ನು ಕದ್ದು ಬಚ್ಚಲುಮನೆ ಸೇರಿದರು. ಕತ್ತೆತ್ತಿ ಹಿಂಡಿದರೆ ಹನಿ ಹುಬ್ಬಿಗೆ ಬಿತ್ತು. ಇನ್ನೊಂದು ಕೆನ್ನೆಗೆ, ಮತ್ತೊಂದು ಮೂಗಿಗೆ. ಎಂಟು ಹತ್ತು ಹನಿ ಹಾಳಾದವು, ಒಂದೂ ಕಣ್ಣಿಗೆ ಬೀಳಲಿಲ್ಲ. ಬಾಟಲಿಯಲ್ಲಿ ತಳ ಮಾತ್ರ ಉಳಿದಾಗ ಅವರು ಗೋಡೆಗೊರಗಿ ಅತ್ತರು. ಆಮೇಲೆ ದೇವರ ಮನೆಗೆ ಬಂದು ಬಾಟಲಿ ಚಾಚಿದರು.

"ಅಂಬಾ, ಹನಿ ಹಾಕೇ."

"ಇವತ್ತು ಏಕಾದಶಿ ರೀ."

"ಗೊತ್ತು, ಹಾಕು."

"ಇಷ್ಟು ದಿನ ನಡೆಸ್ಕೊಂಡು ಬಂದು, ಕೊನೇ ಹೊತ್ನಲ್ಲಿ ಭಂಗ ಮಾಡ್ಲಾ? ಒಂದು ದಿನಕ್ಕೇನಾಗುತ್ತೆ ಅಂತ ನೀವೇ..."

"ಆ ಒಂದೊಂದು ದಿನಾನೇ ಕಣೇ ಕಣ್ಣು ತಿಂದಿದ್ದು!" ರಾಯರು ಕಿರುಚಿದರು. "ಬಿಡ್ಬಾರ್ದಿತ್ತಂತೆ. ಒಂದು ದಿನಾನೂ ಬಿಡ್ಬಾರ್ದಿತ್ತಂತೆ!"

ಅಂಬಾಬಾಯಿ ಬಾಟಲಿ ತೆಗೆದುಕೊಂಡು, ಗಂಡನನ್ನು ಕೂರಿಸಿ, ರೆಪ್ಪೆ ಬಿಡಿಸಿ ಎರಡೂ ಕಣ್ಣಿಗೆ ಹಾಕಿದರು. "ಸಂಕಲ್ಪ ಮಾಡಿದೋನು ನಾನು, ನಿನ್ನ ತಪ್ಪಿಲ್ಲ" ಎಂದು ರಾಯರು ಹತ್ತು ಸಲ ಹೇಳಿದರು. ಆಕೆ ಎದ್ದು ಅಡುಗೆಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ಅನ್ನ ಬೇಯುವ ವಾಸನೆ ಬಂತು. ಏಕಾದಶಿಯಂದು ಆ ಮನೆಯಲ್ಲಿ ಅನ್ನದ ಪಾತ್ರೆ ಒಲೆ ಏರಿದ್ದೇ ಇಲ್ಲ. ರಾಯರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಎರಡು ಎಲೆ ಹಾಕಿತ್ತು.

"ಏನ್ ಮಾಡ್ತಿದೀಯೇ? ಹನಿ ಹಾಕಿದ್ಯಲ್ಲ, ಅಷ್ಟು ಸಾಕಿತ್ತು ಕಣೇ..."

"ನಿಮ್ಮ ಕಣ್ಣು ಉಳೀಲಿ ಅಂತ ಉಪವಾಸ ಇದ್ದೆ. ಇನ್ನು ಯಾರಿಗೋಸ್ಕರ ಇರ್ಲಿ?"

ಮದುವೆಯಾದ ಮೂವತ್ತೇಳು ವರ್ಷದಲ್ಲಿ ಗಂಡನಿಗಿಂತ ಮುಂಚೆ ಎಂದೂ ಉಣ್ಣದ ಅಂಬಾಬಾಯಿ ಒಂದು ಎಲೆಯ ಮುಂದೆ ಕೂತು, ಸಾರನ್ನ ಕಲಸಿ ತುತ್ತು ಬಾಯಿಗಿಟ್ಟರು. ಬಾಯಲ್ಲಿ ಹಿಡಿದುಕೊಂಡೇ ಬಿಕ್ಕಿದರು, ಮತ್ತೆ ಅಗಿದು ನುಂಗಿದರು. ರಾಯರು ನೆಲ ತಡವಿ ಇನ್ನೊಂದು ಎಲೆಯ ಮುಂದೆ ಕೂತು, "ನಂಗೂ ಬಡಿಸು" ಎಂದರು.