ಹುಳಿಯ ಕೊಪ್ಪರಿಗೆ ಮತ್ತು ಮುಂದಿನ ಸೀಟು

ನಮ್ಮ ಮನೆಯ ಹಿರಿಯರು ಪುರಾಣ ಹೇಳಿಕೊಂಡು ಬಂದವರು. ನಮ್ಮ ಯಜಮಾನರ ಕಾಲಕ್ಕೆ ಅದು ಮದುವೆ, ಮುಂಜಿವೆಗಳ ಅಡಿಗೆ ಮಾಡಿಕೊಡುವ ಉದ್ಯೋಗವಾಗಿತ್ತು. ಅಡಿಗೆಯೆಂದರೆ ಪೂರ್ತಿ ಮಡಿಯ ಅಡಿಗೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳ ವಾಸನೆಯೂ ಸೋಕಬಾರದು. ಮಾವನವರಿಗೆ ಬೈಲಹೊಂಗಲದ ನಮ್ಮ ಹಿತ್ತಲ ಬಾವಿ ಬಿಟ್ಟರೆ ಬೇರೆ ನೀರು ಒಪ್ಪುತ್ತಿರಲಿಲ್ಲ. ಹೀಗಾಗಿ ಹುಳಿ ಮನೆಯಲ್ಲಿಯೇ ಕುದಿದು, ಕೊಪ್ಪರಿಗೆಯ ಸಮೇತ ಗಾಡಿ ಏರಿ, ಮದುವೆಯ ಊರಿಗೆ ಹೋಗುತ್ತಿತ್ತು.

ಗಾಡಿಯೆಂದರೆ ಮೂರು ಗಾಲಿಯ ಟೆಂಪೋ. ಮುಂದೆ ಯಜಮಾನರು ನಡೆಸುವರು. ಪಕ್ಕದಲ್ಲಿ ಮಾವನವರು, ತೊಡೆಯ ಮೇಲೆ ನೈವೇದ್ಯಕ್ಕೆಂದು ಒಯ್ಯುವ ದೇವರ ಪೆಟ್ಟಿಗೆ. ಪೆಟ್ಟಿಗೆ ಹಿಡಿದವರು ಮಡಿಯಲ್ಲಿರಬೇಕು, ಏನನ್ನೂ ಮುಟ್ಟಬಾರದು. ನಾನು ಹಿಂದೆ, ಕೊಪ್ಪರಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿರುತ್ತಿದ್ದೆ. ಏರು ಬಂದಾಗ ಹುಳಿಯ ಭಾರಕ್ಕೆ ಮುಂದಿನ ಒಂಟಿ ಗಾಲಿ ನೆಲ ಬಿಟ್ಟು ಮೇಲೇಳುತ್ತಿತ್ತು. ಆಗ ಯಜಮಾನರು ಕೂಗುವರು: "ಏ, ಮುಂದ ಸರೀ! ಗಾಲಿ ಹಾರೇದ!" ನಾನು ಮುಂದೆ ತೆವಳಿ ಭಾರ ಹಾಕಿದರೆ ಗಾಲಿ ಇಳಿಯುವುದು. ದೇವರು ನನಗೆ ಮೈ ತುಂಬ ಕೊಟ್ಟಿದ್ದಕ್ಕೆ ಅಂಥ ಹೊತ್ತಿನಲ್ಲಿ ಕೈ ಮುಗಿಯುತ್ತಿದ್ದೆ.

ನನಗೆ ಬೇಕಾದದ್ದು ಒಂದೇ ಇತ್ತು. ಒಂದು ಸಲವಾದರೂ ಮುಂದೆ ಕೂತು, ರಸ್ತೆ ಎದುರಿಗೆ ಬರುವುದನ್ನು ನೋಡಬೇಕು. ಏಳು ವರ್ಷ ನಾನು ನೋಡಿದ್ದೆಲ್ಲ ಹಿಂದೆ ಸರಿದು ಹೋಗುವ ರಸ್ತೆ.

ಕಡೆಗೆ ನಾಲ್ಕು ಗಾಲಿಯ ಡೀಸೆಲ್ ಗಾಡಿ ಕೊಳ್ಳುವ ಮಾತು ಬಂತು. ಎರಡು ಹಳೆಯ ಗಾಡಿಗಳಿದ್ದವು. ಒಂದು ಸವದತ್ತಿಯಲ್ಲಿ, ಅರಳೆ ಹೇರುತ್ತಿದ್ದದ್ದು. ಇನ್ನೊಂದು ರಾಮದುರ್ಗದ ಕಡೆ ಸಾಲಹಳ್ಳಿಯಲ್ಲಿ. ಯಜಮಾನರು ಇಂಜಿನ್ನು, ಗೇರು ಎಂದು ಏನೇನೋ ಬರೆದುಕೊಂಡರು. ಮಾವನವರು ಚೀಟಿಯನ್ನು ತಿರುಗಿಸಿಯೂ ನೋಡಲಿಲ್ಲ.

"ಇಂಜಿನ್ನ ತಗೊಂಡು ಏನ ಮಾಡ್ತೀಯೋ? ಹುಳಿ ಎಷ್ಟ ಚೆಲ್ಲತದ, ಅದನ್ನ ನೋಡು. ಕೊಪ್ಪರಿಗಿ ಏರಿಸು."

ಹೀಗೆ ಕೊಪ್ಪರಿಗೆಯನ್ನು ಟೆಂಪೋಕ್ಕೆ ಏರಿಸಿ, ಗಾಡಿ ನೋಡಲು ಹೊರಟೆವು. ಪರೀಕ್ಷೆಯ ವಿಧಾನ ಮಾವನವರದೇ. ಕೊಪ್ಪರಿಗೆಯನ್ನು ನೋಡುವ ಗಾಡಿಯ ಹಿಂದೆ ಇಟ್ಟು, ಕಂಠದವರೆಗೆ ನೀರು ತುಂಬಿಸುವುದು. ಊರಾಚೆ ಒಂದು ಸುತ್ತು ಹೊಡೆದು ಬಂದ ಮೇಲೆ ನೀರು ಎಷ್ಟು ಬೆರಳು ಇಳಿದಿದೆಯೆಂದು ಕೋಲು ಹಾಕಿ ಅಳೆಯುವುದು. ಮುಚ್ಚಳ ಹಿಡಿಯುವವಳು ನಾನೇ. ಎರಡೂ ಗಾಡಿಗೂ ಕೈ ಒಂದೇ ಇರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ ಎಂದರು.

ಸವದತ್ತಿಯ ಗಾಡಿ ಚಾಲೂ ಮಾಡುವ ಮೊದಲು ಇಂಜಿನ್ನು ಬೆಚ್ಚಗಾಗಲೆಂದು ಹೀಟರ್ ಹಾಕಿ ಸ್ವಲ್ಪ ಹೊತ್ತು ಕಾಯಬೇಕಿತ್ತು. ಮಾವನವರು ಆ ಹೊತ್ತಿನಲ್ಲಿ ಹನ್ನೊಂದು ಗಾಯತ್ರಿ ಮುಗಿಸಿ, "ಗಾಡಿ ಸಂಸ್ಕಾರವಂತ ಅದ" ಎಂದು ತಲೆದೂಗಿದರು. ಆದರೆ ಸುತ್ತು ಮುಗಿದಾಗ ಕೊಪ್ಪರಿಗೆಯ ನೀರು ಐದು ಬೆರಳು ಇಳಿದಿತ್ತು. ಇಳಿದದ್ದೆಲ್ಲ ನನ್ನ ಮೈ ಮೇಲಿತ್ತು. ಹುಳಿಯಲ್ಲ, ತಣ್ಣೀರು, ಅಷ್ಟಾದರೂ ಆಯಿತಲ್ಲ ಎಂದು ಸೆರಗು ಹಿಂಡಿಕೊಂಡೆ. ಮುಂದಿನ ಸೀಟನ್ನೂ ನೋಡಿದೆ. ಇಬ್ಬರಿಗೇ ಜಾಗ.

ಸಾಲಹಳ್ಳಿಯ ಗಾಡಿಯ ಮುಂದೆ ಉದ್ದನೆಯ ಸೀಟು. ಮೂವರು ಆರಾಮಾಗಿ ಕೂಡಬಹುದು. ನಾನು ಎರಡು ಸಲ ಎಣಿಸಿ ನೋಡಿದೆ. ನಾವು ಕೊಡ ಕೊಡ ನೀರು ಹೊತ್ತು ಹಾಕುವುದನ್ನು ಗಾಡಿಯ ಒಡೆಯ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದ.

"ಆಚಾರ್ರ, ಗಾಡಿ ನೋಡಾಕ ಬಂದೀರೋ, ಅದಕ್ಕ ಜಳಕಾ ಮಾಡಸಾಕ ಬಂದೀರೋ?"

"ನೀ ಸುಮ್ಮನ ನಡಸಪಾ. ಜಾಸ್ತಿ ಮಾತಾಡಿದ್ರ ನೀರ ತುಳಕತಾವ."

ಸುತ್ತು ಮುಗಿಯಿತು. ಕೋಲು ಹಾಕಿದರೆ ಒಂದೇ ಬೆರಳು! ಯಜಮಾನರ ಮುಖ ಅರಳಿತು. ಆಗಲೇ ನನ್ನ ಕಣ್ಣಿಗೆ ಬಿತ್ತು: ಹಲಗೆಯ ಸಂದಿನಲ್ಲಿ ಒಂದು ಕೆಂಪು ಸಿಪ್ಪೆ. ಕಾಲಿಂದ ಒತ್ತಿ ಮುಚ್ಚಬಹುದಿತ್ತು. ಆ ಉದ್ದನೆಯ ಸೀಟು ಕಣ್ಣ ಮುಂದೆ ಬಂತು. ಆದರೆ ನಾಳೆ ಅದೇ ಹಲಗೆಯ ಮೇಲೆ ನೈವೇದ್ಯದ ಅಡಿಗೆ ಕೂಡಬೇಕಲ್ಲ. ನನ್ನ ಕೈಲಿ ಆಗಲಿಲ್ಲ.

"ಮಾವನವರ, ಇಲ್ಲೆ ಉಳ್ಳಾಗಡ್ಡಿ ಸಿಪ್ಪಿ ಅದ" ಎಂದೆ.

ಒಡೆಯ ನಕ್ಕ. "ಉಳ್ಳಾಗಡ್ಡಿ ಹೇರೂ ಗಾಡಿರೀ ಅವ್ವಾರ. ಮತ್ತೇನ ಮಲ್ಲಿಗಿ ಸಿಗತೈತೇನ್ರಿ?"

ಮಾವನವರು ಮಂಡಿಯೂರಿ ಹಲಗೆಯನ್ನು ಮೂಸಿದರು. ಗಾಲಿ ಮೂಸಿದರು. ಮುಂದಿನ ಸೀಟು ಮೂಸಿದರು. ಬಾನೆಟ್ ಎತ್ತಿಸಿ ಇಂಜಿನ್ನಿಗೂ ಮೂಗು ಒಡ್ಡಿದರು. ಊರಿನ ನಾಲ್ಕು ಮಂದಿ ಸೇರಿ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ತೀರ್ಪು ಬಂತು.

"ಉಳ್ಳಾಗಡ್ಡಿ ಹಲಗಿಗೆ ಹತ್ತೇದ, ಇಂಜಿನ್ನಿಗೆ ಹತ್ತಿಲ್ಲ. ಹಲಗಿ ಬದಲಿ ಮಾಡೋಣು."

ಹೊಸ ಹಲಗೆ ಹೊಡೆಸಿ, ಗೋಮೂತ್ರ ಚಿಮುಕಿಸಿ, ಗಾಡಿ ಮನೆಗೆ ಬಂತು. ಮೊದಲ ಕೆಲಸ ಕಿತ್ತೂರಿನ ಒಂದು ಮದುವೆ. ಅದರ ಹಿಂದಿನ ದಿನ ನಾನು ಧೈರ್ಯ ಮಾಡಿ ಕೇಳಿದೆ: "ಸೀಟ ಉದ್ದ ಅದ. ನಾನೂ ಮುಂದ ಕೂಡಲೇನ್ರಿ?"

ಯಜಮಾನರು ಹೂಂ ಎನ್ನುವ ಮೊದಲೇ ಮಾವನವರು ಹೇಳಿದರು: "ಗಾಡಿ ಹೊಡಿಯಾಂವಗ ಮಡಿ ಇರೂದುಲ್ಲ. ಅವಗೂ ದೇವರಿಗೂ ನಡುವ ಒಂದು ಆಳಿನ ಜಾಗಾ ಖಾಲಿ ಬಿಡಬೇಕು. ಅದಕ್ಕ ಉದ್ದ ಸೀಟಿನ ಗಾಡಿ ತಗೊಂಡದ್ದು, ತಂಗೀ."

ಆ ಸೀಟಿಗಾಗಿ ನಾನು ಮನಸ್ಸಿನಲ್ಲಿ ಎಷ್ಟು ತುಪ್ಪದ ದೀಪ ಹರಕೆ ಹೊತ್ತಿದ್ದೆನೋ ಆ ದೇವರಿಗೇ ಗೊತ್ತು. ಈಗ ಅಲ್ಲಿ ಕೂಡುವುದು ಗಾಳಿ. ಇರಲಿ, ಈ ಗಾಡಿಯ ಗಾಲಿಯಂತೂ ಹಾರುವುದಿಲ್ಲ ಎಂದುಕೊಂಡು ಹುಳಿಯ ಬೇಳೆ ಆರಿಸಲು ಕೂತೆ.

ಮದುವೆಯ ಬೆಳಗ್ಗೆ ನಾನು ಜಳಕ ಮಾಡಿ ಮಡಿಯುಟ್ಟು ಅಡಿಗೆ ಮುಗಿಸಿದೆ. ಹುಳಿ ಗಾಡಿ ಏರಿತು. ಮಾವನವರು ಪೂಜೆ ಮುಗಿಸಿ ಹೊರಬಂದು, ದೇವರ ಪೆಟ್ಟಿಗೆ ಎತ್ತುವ ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿದರು. ಡೀಸೆಲ್ ಸಾಕಷ್ಟಿದೆಯೋ ಇಲ್ಲವೋ ಎಂದು ಅವರಿಗೆ ಅನುಮಾನ. ಅಳೆಯುವ ಕೋಲು ಕೈಯಲ್ಲೇ ಇತ್ತು. ಟಾಕಿಯಲ್ಲಿ ಅದ್ದಿ ಮೇಲೆತ್ತಿದರು. "ನಾಲ್ಕ ಬೆರಳ ಅದ" ಎನ್ನುವಷ್ಟರಲ್ಲಿ ಡೀಸೆಲ್ ಕೋಲಿನಗುಂಟ ಇಳಿದು ಮುಂಗೈ, ಮಡಿ ಧೋತರ ಎಲ್ಲ ತೋಯಿಸಿತು.

ಮಡಿ ಕೆಟ್ಟಿತು. ಮತ್ತೆ ಜಳಕ, ಮತ್ತೆ ಮಡಿ ಎಂದರೆ ಕಿತ್ತೂರಿನಲ್ಲಿ ಎಲೆ ಹಾಕಿ ಮುಗಿದಿರುತ್ತದೆ. ಮಡಿಯಲ್ಲಿ ಉಳಿದವಳು ನಾನೊಬ್ಬಳೇ. ಮಾವನವರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕೋಲನ್ನೂ ನೋಡಿದರು.

"ಹತ್ತು, ತಂಗೀ" ಎಂದರು.

ದೇವರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಕೂತೆ. ನಡುವೆ ಖಾಲಿ ಜಾಗ, ಆಚೆ ಯಜಮಾನರು. ಹಿಂದೆ ಮಾವನವರು ಕೈಗೆ ಡೀಸೆಲ್ ಹತ್ತಿದ್ದರಿಂದ ಮುಚ್ಚಳವನ್ನು ಎರಡೂ ಮೊಳಕೈಯಿಂದ ಒತ್ತಿ ಹಿಡಿದಿದ್ದರು. ಸಂಪಗಾಂವದ ಹೊಲ, ಎತ್ತಿನ ಗಾಡಿ, ಶಾಲೆಗೆ ಹೋಗುವ ಹುಡುಗಿಯರು, ಎಲ್ಲವೂ ಎದುರಿಗೇ ಬಂದವು. ನಾನು ದೇವರಿಗೂ ಕಾಣಲೆಂದು ಪೆಟ್ಟಿಗೆಯನ್ನು ಸ್ವಲ್ಪ ಎತ್ತಿ ಹಿಡಿದೆ.

ಕಿತ್ತೂರಿನಲ್ಲಿ ಇಳಿದಾಗ ಮಾವನವರ ಗಡ್ಡದಲ್ಲಿ ಬೇಳೆ ಇತ್ತು.

"ಈ ಮುಚ್ಚಳಕ್ಕ ಇಷ್ಟ ದಿನಾ ಹಗ್ಗಾ ಯಾಕ ಕಟ್ಟಿಲ್ಲ?" ಎಂದು ಸಿಟ್ಟಿನಿಂದ ಕೇಳಿದರು.

"ಎಲ್ಲೆ ಎಮ್ಮಿ ಕಟ್ಟಿದ ಹಗ್ಗಾನೋ, ಮಡಿಗೆ ಬರೂದುಲ್ಲ ಅಂತ ನೀವ ಹೇಳಿದ್ರಲ್ಲ, ಮಾವನವರ."

ಅವರು ಗಡ್ಡ ಒರೆಸಿಕೊಂಡರು. "ರೇಶ್ಮಿ ನಡೀತದ" ಎಂದರು.

ಮರುದಿನ ತಮ್ಮ ಹಳೆಯ ರೇಷ್ಮೆ ಧೋತರ ಹರಿದು ಹೊಸೆದು ತಾವೇ ಕಟ್ಟಿದರು. ಜರಿ ಅಂಚಿನ ಆ ಹಗ್ಗದಲ್ಲಿ ಕೊಪ್ಪರಿಗೆ ಮದುಮಗಳ ಹಾಗೆ ಕಾಣುತ್ತಿತ್ತು. ಕೊಪ್ಪರಿಗೆಗೆ ಇನ್ನು ಯಾರ ಕೈಯೂ ಬೇಕಿರಲಿಲ್ಲ. ಮುಂದಿನ ಮದುವೆಗೆ ದೇವರ ಪೆಟ್ಟಿಗೆ ಮತ್ತೆ ಮಾವನವರ ತೊಡೆಗೆ ಹೋಯಿತು. ನಡುವಿನ ಜಾಗಕ್ಕೆ ನಾನು. ನಾನು ಮಡಿಯಲ್ಲಿರುವುದರಿಂದ ಖಾಲಿ ಬಿಟ್ಟಷ್ಟೇ ಸಮ ಎಂದು ಅವರೇ ಹೇಳಿದರು. ಆದರೆ ಗೇರು ಬದಲಿಸುವಾಗ ಯಜಮಾನರ ಕೈ ನನಗೆ ಸೋಕುತ್ತಿತ್ತು. ಅದನ್ನು ಮಾತ್ರ ನಾನು ಮಾವನವರಿಗೆ ಹೇಳಲಿಲ್ಲ.