ಏರುಗತ್ತಿಯ ಕ್ಯೂಸಾಕು

ಜಪಾನಿನ ಉವಾಜಿಮಾ ಬಂದರಿನಲ್ಲಿ ಕ್ಯೂಸಾಕುವಿನ ಕ್ಷೌರದಂಗಡಿಯನ್ನು ಯಾರೂ ಅದರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಏರುಗತ್ತಿ ಅಂಗಡಿ ಎಂದರೆ ಸಾಕಿತ್ತು. ಕೂದಲು ಬೆಳೆದ ದಿಕ್ಕಿಗೇ ಕತ್ತಿ ಇಳಿಸುವುದು ಯಾವ ಕ್ಷೌರಿಕನಿಗೂ ಬರುತ್ತದೆ. ಅದು ಇಳಿಗತ್ತಿ. ಕ್ಯೂಸಾಕು ಅಷ್ಟಕ್ಕೇ ಬಿಡುವ ಜಾತಿಯಲ್ಲ. ಮತ್ತೊಮ್ಮೆ ಬಿಸಿ ಟವೆಲ್ ಹೊದಿಸಿ, ಮತ್ತೊಮ್ಮೆ ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ, ಗಂಟಲಿನಿಂದ ಗದ್ದಕ್ಕೆ, ಗದ್ದದಿಂದ ಕೆನ್ನೆಗೆ, ಕೂದಲಿಗೆ ಎದುರಾಗಿ ಕತ್ತಿ ಏರಿಸುತ್ತಿದ್ದ. ಎದ್ದವನು ಕೆನ್ನೆ ಸವರಿಕೊಂಡರೆ ಆಗತಾನೇ ಸಿಪ್ಪೆ ಸುಲಿದ ಮೊಟ್ಟೆ. ದೂರದ ಕಡಲಿಗೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬಂದ ಮೀನುಗಾರರು ಮೊದಲು ಊರ ಸ್ನಾನದ ಮನೆಗೆ ಹೋಗುವರು, ಆಮೇಲೆ ಇವನ ಕುರ್ಚಿಗೆ, ಹೆಂಡತಿಯ ಮುಂದೆ ನಿಲ್ಲುವುದು ಅದಾದ ಮೇಲೆ.

ಅವಸರದವರು ಯಾರಾದರೂ "ಒಂದು ಕೈ ಸಾಕು ಮಾರಾಯ, ಹೊತ್ತಾಯ್ತು" ಅಂದರೆ ಮುಗಿಯಿತು.

"ಅಕ್ಕೀನ ಒಂದೇ ನೀರಲ್ಲಿ ತೊಳ್ದು ಉಣ್ತೀಯೇನೋ? ಉಣ್ಣೋದಾದ್ರೆ ಎದ್ದು ಹೋಗು! ಅರ್ಧ ಮುಖ ಹೊತ್ಕೊಂಡು ನನ್ನ ಬಾಗಿಲು ದಾಟೋಕೆ ಬಿಡಲ್ಲ!"

ಅವನ ಸಿಟ್ಟು ಬಂದರಿಗೆಲ್ಲ ಗೊತ್ತಿದ್ದದ್ದೇ. ಟವೆಲ್ ಎಸೆಯುವನು, ಬಾಗಿಲು ಬಡಿಯುವನು, ಟೀವಿಯಲ್ಲಿ ಸೋತ ಸುಮೋ ಪೈಲ್ವಾನನಿಗೆ ಬೈಯುವನು. ಆದರೆ ಆ ಸಿಟ್ಟು ಮೊಣಕೈವರೆಗೆ ಮಾತ್ರ ಇಳಿಯುತ್ತಿತ್ತು. ಅಲ್ಲಿಂದ ಕೆಳಗೆ ಬೆರಳುಗಳು ದೇವರ ಹಾಗೆ ತಣ್ಣಗೆ. ಅವನ ಕುರ್ಚಿಯಲ್ಲಿ ಬೈಗುಳ ತಿನ್ನದವರಿಲ್ಲ, ಗಾಯ ಮಾಡಿಸಿಕೊಂಡವರೂ ಇಲ್ಲ.

ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ದೋಣಿ ಹತ್ತಿದರೆ ವಾಂತಿ. ಅಪ್ಪ ಮೂರು ಬೇಸಿಗೆ ನೋಡಿ, "ಇವನು ಮೀನಿಗೇ ಊಟ ಹಾಕ್ತಾನೆ, ನಮಗೆ ಹಾಕೋ ಹಾಗೆ ಕಾಣಲ್ಲ" ಅಂತ ಯಾವತಾಹಾಮಾದ ಒಬ್ಬ ಕ್ಷೌರಿಕನ ಹತ್ತಿರ ಬಿಟ್ಟು ಬಂದ. ಆ ಗುರು ಕತ್ತಿ ಮಸೆಯುವ ಚರ್ಮದ ಪಟ್ಟಿಯಲ್ಲೇ ಬಾರಿಸುತ್ತಿದ್ದ. ಸ್ವಂತ ಮೊಣಕಾಲಿನ ಕೂದಲನ್ನು ಹೆರೆದು ಹೆರೆದು ಕೈ ಪಳಗಿದ ಮೇಲೆಯೇ ಗಿರಾಕಿಯ ಮುಖ ಮುಟ್ಟಲು ಬಿಟ್ಟದ್ದು. "ಒಂದು ಕೈ ಕಾಸಿಗೆ, ಎರಡನೇ ಕೈ ಮರ್ಯಾದೆಗೆ" ಅನ್ನುವುದು ಗುರುವಿನ ಮಾತು. ಪ್ರತಿ ಹೊಸ ವರ್ಷಕ್ಕೂ ಕ್ಯೂಸಾಕು ರೈಲು ಹತ್ತಿ ಹೋಗಿ ಗುರುವಿನ ಸಮಾಧಿಯ ಮೇಲೆ ಒಂದು ಲೋಟ ಸಾಕೆ ಮದ್ಯ ಸುರಿದು ಬರುತ್ತಿದ್ದ. ಹೊಡೆತ ತಿಂದ ಬೆನ್ನಿನಿಂದಲೇ ಬಗ್ಗಿ ನಮಸ್ಕರಿಸುತ್ತಿದ್ದ. ಆ ಮುದುಕ ಇಲ್ಲದಿದ್ದರೆ ತಾನು ಬಂದರಿನಲ್ಲಿ ಮಂಜುಗಡ್ಡೆ ಹೊರುತ್ತ ಇರುತ್ತಿದ್ದೆ ಅನ್ನುವುದನ್ನು ಅವನು ಮರೆತವನಲ್ಲ.

ಹೆಂಡತಿ ತೊಮೊಯೆಯೂ ಕತ್ತಿ ಹಿಡಿದವಳೇ. ಹೆಂಗಸರ ಮುಖ, ಕುತ್ತಿಗೆಗಳ ನವಿರುಗೂದಲು ತೆಗೆಯುವುದು ಅವಳ ಪಾಲು. ಹಸೆಗೆ ಕೂರುವ ಮೊದಲು ಬಂದರಿನ ಹೆಣ್ಣುಮಕ್ಕಳೆಲ್ಲ ಅವಳ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತವರೇ. ಅವಳ ಕ್ರಮವೇ ಬೇರೆ. ಮೊದಲು ಬೆರಳ ಬೆನ್ನಿನಿಂದ ಚರ್ಮ ಸವರಿ ನೋಡುವುದು, ಆಮೇಲೆ ಎಷ್ಟು ಕೈ ಅಂತ ತೀರ್ಮಾನ. ಹೆಚ್ಚಿನವರಿಗೆ ಒಂದೇ. ಹೀಗೆ ಒಂದೇ ಸೂರಿನ ಕೆಳಗೆ ಎರಡು ಕುರ್ಚಿ, ಎರಡು ಧರ್ಮ. ನಡುವೆ ಒಂದು ಪರದೆ ಇದ್ದದ್ದರಿಂದ ಸಂಸಾರ ಸಾಗಿತ್ತು.

ಆ ಪರದೆ ಸರಿದದ್ದು ಮಗಳು ಚಿಗುಸಾಳ ಮದುವೆ ಗೊತ್ತಾದಾಗ. ಕೊಲ್ಲಿಯಾಚೆ ಗುಡ್ಡದ ಮೇಲೆ ಕಿತ್ತಳೆ ಬೆಳೆಯುವವರ ಮನೆ. ಹುಡುಗ ಒಳ್ಳೆಯವನು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು, "ನನ್ನ ಕುತ್ತಿಗೆ ಅಪ್ಪನೇ ಮಾಡ್ಲಿ ಅಮ್ಮಾ" ಅಂದುಬಿಟ್ಟಳು. ಕ್ಯೂಸಾಕು ಬಟ್ಟಲಿನೊಳಗೆ ಮುಖ ಹುದುಗಿಸಿ ಅನ್ನ ನುಂಗಿದ. ತೊಮೊಯೆ ಸರಿ ಅಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು:

"ಆದ್ರೆ ಒಂದೇ ಕೈ."

"ಏನಂದೆ?" ಬಟ್ಟಲು ಮೇಜಿಗೆ ಬಡಿಯಿತು. "ಊರವರ ಮಕ್ಳಿಗೆಲ್ಲ ಎರಡು ಕೈ, ನನ್ನ ಮಗಳಿಗೆ ಒಂದಾ? ಅವಳೇನು ಬೀದೀಲಿ ಸಿಕ್ಕವಳಾ?"

"ಅದು ಮೀನುಗಾರರ ಗಡ್ಡ ಅಲ್ಲ ಕಣ್ರೀ. ಉಣ್ಣೆ ಕಾಲರ್ ತಾಗಿದ್ರೇ ಕೆಂಪಾಗೋ ಕುತ್ತಿಗೆ. ನೀವು ಏರುಗತ್ತಿ ಹಾಕಿ, ಆವತ್ತು ಕುತ್ತಿಗೆಗೆ ಬಳಿಯೋ ಬಿಳಿ ಬಣ್ಣದ ಕೆಳಗೆ ಗುಳ್ಳೆ ಎದ್ರೆ? ಮದುವೆ ಕಿಮೊನೊ ಕಾಲರ್ ಅಷ್ಟು ಹಿಂದಕ್ಕೆ ಎಳ್ದಿರ್ತಾರೆ. ಬೀಗರೆಲ್ಲ ನೋಡೋದೇ ಅದನ್ನ."

"ಒಂದೇ ಕೈ ಹಾಕಿ ನವಿರು ಉಳಿದ್ರೆ? ಬಣ್ಣ ಹಳೇ ಗೋಡೆ ಸುಣ್ಣದ ಹಾಗೆ ಉದುರತ್ತೆ! ಆಗ ಬೀಗರು ಏನಂತಾರೆ? ಅಪ್ಪ ಕ್ಷೌರಿಕ, ಮಗಳ ಕುತ್ತಿಗೆ ತೆಂಗಿನಕಾಯಿ ಅಂತಾರೆ!"

ಚಿಗುಸಾ ಮೇಜಿನ ಮೇಲೆ ಚೆಲ್ಲಿದ ಅನ್ನ ಒರೆಸಿದಳು. ಅಪ್ಪ ಎರಡು ಕೈ ಹಾಕುತ್ತೇನೆ ಅಂದರೆ ಹಾಕಿಸಿಕೊಳ್ಳುವವಳೇ ಅವಳು. ಗುಳ್ಳೆ ಎದ್ದರೂ ನಗುತ್ತಲೇ ಹಸೆಗೆ ಕೂರುತ್ತಾಳೆ ಅನ್ನುವುದು ತಾಯಿಗೆ ಗೊತ್ತಿತ್ತು. ತೊಮೊಯೆಗೆ ಹೆದರಿಕೆಯಾದದ್ದೂ ಅದಕ್ಕೇ.

ಜಗಳ ಬಿಡಿಸಿದ್ದು ಮಸುಯೊ ಅಜ್ಜಿ. ಆ ಊರಿನ ಮದುವಣಗಿತ್ತಿಯರನ್ನೆಲ್ಲ ಸಿಂಗರಿಸುವವಳು ಅವಳೇ. ಬಣ್ಣದ ಡಬ್ಬಿ ಹಿಡಿದು ಚಿಗುಸಾಳನ್ನು ನೋಡಲು ಬಂದವಳು, ಗಂಡಹೆಂಡಿರ ಕೂಗಾಟ ಕೇಳಿ ಹೊಸ್ತಿಲಲ್ಲೇ ಕೂತಳು.

"ಆಯ್ತಾ ಇಬ್ಬರದೂ? ಏ ಕ್ಯೂಸಾಕು, ನಿನ್ನ ಕುತ್ತಿಗೆ ಇದೆಯಲ್ಲ, ಕಾಳಗದ ಗೂಳಿ ಕುತ್ತಿಗೆ. ಅರ್ಧಕ್ಕೆ ಒಂದು ಕೈ, ಇನ್ನರ್ಧಕ್ಕೆ ಎರಡು ಕೈ ಹಾಕ್ಲಿ ನಿನ್ನ ಹೆಂಡ್ತಿ. ಮಾರನೇ ದಿನ ಬಣ್ಣ ನಾನು ಬಳೀತೀನಿ. ಸಂಜೆವರೆಗೆ ಇಟ್ಕೊಂಡು ತೋರ್ಸು. ಬಣ್ಣ ಸುಳ್ಳು ಹೇಳಲ್ಲ."

"ನನ್ನ ಚರ್ಮಕ್ಕೆ ಏನೂ ಆಗಲ್ಲ!"

"ಆಗದಿದ್ರೆ ನೀನೇ ಗೆದ್ದೆ. ಬಾಯಿ ಯಾಕೆ?"

ಸೋಮವಾರ ಅಂಗಡಿಗೆ ರಜೆ. ಕ್ಯೂಸಾಕು ತನ್ನದೇ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತ. ತೊಮೊಯೆ ಎಡಕ್ಕೆ ಇಳಿಗತ್ತಿ ಮಾತ್ರ ಹಾಕಿದಳು. ಬಲಕ್ಕೆ ಇಳಿಗತ್ತಿಯಾದ ಮೇಲೆ ಗಂಡನ ಕ್ರಮದಲ್ಲೇ ಬಿಸಿ ಟವೆಲ್, ಹೊಸ ನೊರೆ, ಏರುಗತ್ತಿ. ಮೋಸ ಮಾಡಲಿಲ್ಲ. ಕೈ ಒಂಚೂರೂ ಒರಟಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಮಸುಯೊ ಬಂದು ಆ ದಪ್ಪ ಕುತ್ತಿಗೆಗೆ ಬಿಳಿ ಬಳಿದು ಹೋದಳು. ಒರೆಸುವ ಹಾಗಿಲ್ಲ, ಅಂಗಡಿ ಮುಚ್ಚುವ ಹಾಗೂ ಇಲ್ಲ.

ಮೊದಲ ಗಿರಾಕಿ ಗೆಂಗೊ, ಬಲೆ ಎಳೆಯುವವನು. ಕುರ್ಚಿಯಲ್ಲಿ ಒರಗಿದವನು ಕನ್ನಡಿಯಲ್ಲಿ ಕ್ಯೂಸಾಕುವಿನ ಬಿಳಿ ಕುತ್ತಿಗೆ ನೋಡಿ ಎದ್ದು ಕೂತ.

"ಇದೇನೋ ಇದು! ನಿನ್ನನ್ನ ಯಾವ ಮನೆಗೆ ಕೊಟ್ರೋ?"

"ಮಲಗೋ ಸುಮ್ನೆ."

"ಗಂಡು ಏನ್ ಮಾಡ್ಕೊಂಡಿದಾನೆ? ಕುಡೀತಾನಾ? ಅತ್ತೆ ಒಳ್ಳೆಯವಳಾ?"

"ಗೆಂಗೊ, ಕತ್ತಿ ಎಲ್ಲಿದೆ ನೋಡ್ಕೊಂಡು ಮಾತಾಡು."

"ಗಂಟಲ ಮೇಲಿದೆ ಅಂತಾನೇ ಇಷ್ಟೇ ಅಂದದ್ದು. ಉಳಿದಿದ್ದು ಎದ್ದ ಮೇಲೆ."

ಎದ್ದ ಮೇಲೆ ಉಳಿದದ್ದನ್ನು ಅವನು ಇಡೀ ಮೀನುಪೇಟೆಗೆ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಕ್ಷೌರ ಬೇಕಿಲ್ಲದವರೂ ಇಣುಕಿ ಹೋದರು. ಕ್ಯೂಸಾಕು ಎಲ್ಲರಿಗೂ ಬೈದ, ಎಲ್ಲರಿಗೂ ಎರಡು ಕೈ ಹಾಕಿದ. ಆದರೆ ಊಟವಾದ ಮೇಲೆ ಬಲಗಡೆ ಸಣ್ಣಗೆ ಕಡಿತ ಶುರುವಾಯಿತು. ಬಿಸಿ ಟವೆಲಿನ ಹಬೆಗೆ ಬೆವರಿಳಿದಾಗ ಅದು ಇರುವೆ ಹರಿದ ಹಾಗಾಯಿತು. ತುರಿಸಿಕೊಳ್ಳಲಿಲ್ಲ. ತುರಿಸಿಕೊಂಡರೆ ಪರದೆಯಾಚೆಯಿಂದ ಒಬ್ಬಳು ನೋಡುತ್ತಾಳಲ್ಲ!

ಸಂಜೆ ಮಸುಯೊ ಬಂದಳು. ತೊಮೊಯೆ ಕೈಗನ್ನಡಿ ಹಿಡಿದು ಗಂಡನ ಹಿಂದೆ ನಿಂತಳು. ಜೀವಮಾನವಿಡೀ ಗಿರಾಕಿಗಳಿಗೆ ಅವರ ಹಿಂದಲೆ ತೋರಿಸಿದವನು ತನ್ನದನ್ನು ನೋಡಿದ. ಎಡಗಡೆ, ಬಾಗಿಲ ಮರದ ಚೌಕಟ್ಟಿಗೆ ಹೊಸದಾಗಿ ಅಂಟಿಸಿದ ಕಾಗದದ ಹಾಗೆ ಬಿಳಿ ಸಪಾಟಾಗಿತ್ತು. ಕೂದಲ ಅಂಚಿನಲ್ಲಿ ಉಗುರಿನಷ್ಟು ಜಾಗ ಮಾತ್ರ ನವಿರು ಉಳಿದು ಬಣ್ಣ ಗಂಟು ಕಟ್ಟಿತ್ತು. ಬಲಗಡೆ ಬಿರುಕು, ಬಿರುಕಿನ ನಡುವೆ ಕೆಂಪು ಚುಕ್ಕೆಗಳು.

ಕ್ಯೂಸಾಕು ತಲೆ ಆಚೆ ಈಚೆ ತಿರುಗಿಸಿ ಎರಡೂ ಕಡೆ ನೋಡಿದ. ಕೂಗಾಡುತ್ತಾನೆ ಅಂತ ಇಬ್ಬರೂ ಕಾದರು.

"ಇಂಥ ಚರ್ಮಕ್ಕೇ ಹೀಗಾದ್ರೆ..." ಅಂದ. ಆಮೇಲೆ, "ಹಾಗಾದ್ರೆ ನನ್ನ ಗುರು ಸುಳ್ಳು ಹೇಳಿದ್ನಾ?"

"ಅವರು ಗಡ್ಡದ ಮಾತು ಹೇಳಿದ್ರು. ಗಡ್ಡಕ್ಕೆ ಅದು ನಿಜವೇ. ನಾನೇನು ಇಷ್ಟು ವರ್ಷ ಕುರುಡಿಯಾಗಿದ್ನಾ? ಎದ್ದು ಹೋಗೋ ಒಂದೊಂದು ಮುಖಾನೂ ನೋಡಿದೀನಿ," ಅಂದಳು ತೊಮೊಯೆ. "ಹೆಣ್ಣಿನ ಕುತ್ತಿಗೆ ಬಗ್ಗೆ ಅವರನ್ನ ಯಾರೂ ಕೇಳಿರ್ಲಿಲ್ಲ, ಅಷ್ಟೇ. ಈ ಗಂಟು ಕಟ್ಟಿದ ಕಡೆ ಮಾತ್ರ ಮತ್ತೆ ನೊರೆ ಹಾಕಿ, ಇಳಿಗತ್ತೀಲೇ ಇನ್ನೊಂದ್ಸಲ ಹೋದ್ರಾಯ್ತು."

ಮಸುಯೊ ಡಬ್ಬಿ ಎತ್ತಿಕೊಂಡು ಹೋದ ಮೇಲೆ ತೊಮೊಯೆ ಬಿಸಿನೀರಿನ ಬಟ್ಟೆಯಿಂದ ಗಂಡನ ಕುತ್ತಿಗೆ ಒರೆಸಿದಳು.

"ಎರಡನೇ ಕೈ ನಿಮಗೆ ಕೂದಲಿಗಾಗಿ ಬೇಕಿರ್ಲಿಲ್ಲ ಅಂತ ನಂಗೊತ್ತು," ಅಂದಳು. "ಒಂದೇ ಆದ್ರೆ ಮಗಳ ಹತ್ತಿರ ನಿಲ್ಲೋ ಹೊತ್ತು ಬೇಗ ಮುಗಿದು ಹೋಗತ್ತೆ. ಅಲ್ವಾ?"

ಅವನು ಎದ್ದು ಹೋಗಿ, ಚೂಪಾಗಿಯೇ ಇದ್ದ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ ನಿಂತ.

ಕುತ್ತಿಗೆ ತಣಿಯಲು ಹೊತ್ತು ಬೇಕೆಂದು ಮದುವೆಗೆ ಕೆಲವು ದಿನ ಮೊದಲೇ ಕತ್ತಿ ಹಾಕಲು ಮುಹೂರ್ತ ಇಟ್ಟುಕೊಂಡರು. ಬಾಗಿಲಿಗೆ ಪರದೆ ಎಳೆದು, ಅಂಗಡಿ ತೆರೆದಿದೆ ಅನ್ನಲು ಹೊರಗೆ ತಿರುಗುವ ಬಣ್ಣದ ಕಂಬವನ್ನು ಆರಿಸಿ, ಕ್ಯೂಸಾಕು ಕೈ ತೊಳೆದ. ಮಗಳು ಕೂದಲು ಮೇಲೆ ಕಟ್ಟಿ ತಲೆ ಬಗ್ಗಿಸಿದಳು. ಬಿಸಿ ಟವೆಲ್ ಇಟ್ಟು, ತೆಗೆದು, ನೊರೆ ಹಚ್ಚಿ, ಕತ್ತಿ ಇಟ್ಟ.

"ಅಪ್ಪಾ, ಇಷ್ಟು ವರ್ಷ ನನ್ನನ್ನ ಸಾಕಿ—"

"ಬಾಯ್ಮುಚ್ಚು! ಕತ್ತಿ ಕುತ್ತಿಗೆ ಮೇಲಿದೆ."

ಮನೆ ಬಿಡುವ ಹೆಣ್ಣು ಹೆತ್ತವರ ಮುಂದೆ ಹೇಳಲೇಬೇಕಾದ ಕೃತಜ್ಞತೆಯ ಮಾತು ಅದು. ಮದುವೆ ಗೊತ್ತಾದಾಗಿನಿಂದ ಅವನು ಹೆದರಿದ್ದು ಅದೊಂದಕ್ಕೇ. ಚಿಗುಸಾಳ ಭುಜ ಕುಲುಕಿತು. ಅವನು ಕತ್ತಿ ಮೇಲೆತ್ತಿದ.

"ನಗ್ಬೇಡ!"

"ಅಳ್ಲಾ?"

"ಅದೂ ಬೇಡ. ಉಸಿರಾಡು, ಸಾಕು."

ಕತ್ತಿ ಇಳಿಯಿತು. ಅಷ್ಟು ನಿಧಾನವಾಗಿ ಅವನು ಯಾರಿಗೂ ಕತ್ತಿ ಇಳಿಸಿದವನಲ್ಲ. ಆದರೂ ಮುಗಿದೇ ಹೋಯಿತು. ಇಷ್ಟಗಲ ಜಾಗ, ಎಷ್ಟು ಹೊತ್ತು ಎಳೆಯಲು ಬರುತ್ತದೆ? ಅಭ್ಯಾಸದ ಕೈ ಬ್ರಷ್ಷಿನ ಕಡೆ ಹೋಯಿತು. ಅಲ್ಲೇ ನಿಂತಿತು. ಬೆರಳ ಬೆನ್ನಿನಿಂದ, ತೊಮೊಯೆ ಸವರುವ ಹಾಗೆ, ಮಗಳ ಕುತ್ತಿಗೆ ಸವರಿ ನೋಡಿದ. ಕೂದಲಂಚಿನ ಆ ಚೂರು ಜಾಗ ಬಿಟ್ಟರೆ ಎಲ್ಲ ನುಣುಪು. ಅಲ್ಲಿಗಷ್ಟೇ ನೊರೆ ಮುಟ್ಟಿಸಿ, ಇಳಿಗತ್ತಿಯಲ್ಲೇ ಒಮ್ಮೆ ತೆಗೆದು, ತಣ್ಣನೆಯ ಬಟ್ಟೆ ಹೊದಿಸಿದ. ಕತ್ತಿ ಮಡಚಿಟ್ಟ.

"ಈಗ ಹೇಳು," ಅಂದ.

ಅವಳು ಕುರ್ಚಿಯಿಂದಿಳಿದು, ಒದ್ದೆ ಬಟ್ಟೆ ಕುತ್ತಿಗೆಯ ಮೇಲೆ ಹಾಗೇ ಇದ್ದಂತೆ, ಅಂಗಡಿಯ ನೆಲದ ಮೇಲೆ ಮಂಡಿಯೂರಿ ಪೂರ್ತಿ ಹೇಳಿದಳು. ಕ್ಯೂಸಾಕು ನಿಂತೇ ಕೇಳಿದ.

ಮದುವೆಯ ದಿನ ದೇವಾಲಯದಲ್ಲಿ ಬಿಸಿಲು ಬಾಗಿಲಿನಿಂದ ನೇರ ಒಳಗೆ ಬೀಳುತ್ತಿತ್ತು. ಮದುಮಗಳು ಸಾಕೆಯ ಬಟ್ಟಲು ತುಟಿಗಿಡಲು ತಲೆ ಬಗ್ಗಿಸಿದಾಗಲೆಲ್ಲ ಬಿಳಿ ಕಾಲರಿನಿಂದ ಅವಳ ಕುತ್ತಿಗೆ ಹೊರಗೆ ಬರುತ್ತಿತ್ತು. ಒಂದು ಬಿರುಕಿಲ್ಲ, ಒಂದು ಚುಕ್ಕೆಯಿಲ್ಲ. ಬೀಗರ ಕಡೆಯ ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಮೆಚ್ಚಿ ತಲೆಯಾಡಿಸಿದರು. ಕ್ಯೂಸಾಕು ಅದನ್ನು ನೋಡಿದ. ಪಕ್ಕದಲ್ಲಿ ಕೂತ ತೊಮೊಯೆಯ ಕಡೆ ತಿರುಗದೆಯೇ, ಬಾಯಿ ಆದಷ್ಟು ಕಡಿಮೆ ತೆರೆದು ಅಂದ:

"ಉಪಕಾರ ಆಯ್ತು ಕಣೇ."

ತಮ್ಮ ಮದುವೆಯಾದಂದಿನಿಂದ ಅವಳು ಅವನ ಬಾಯಲ್ಲಿ ಆ ಮಾತು ಕೇಳಿದವಳಲ್ಲ.

"ಏನಂದ್ರಿ? ಕೇಳಿಸ್ಲಿಲ್ಲ."

"ಉಪಕಾರ ಆಯ್ತು ಅಂದೆ! ಕಿವಿ ಇಲ್ವಾ?"

ಪೂಜಾರಿ ಓದುವುದನ್ನು ನಿಲ್ಲಿಸಿ ಇತ್ತ ನೋಡಿದ. ಮದುಮಗಳ ಬಿಳಿ ಕುತ್ತಿಗೆ ಸಣ್ಣಗೆ ಕುಲುಕಿತು, ಅವಳು ನಗುತ್ತಿದ್ದಳು. ತೊಮೊಯೆ ಎರಡೂ ಕೈ ತೊಡೆಯ ಮೇಲಿಟ್ಟು, ಗಂಡನಿಗೆ ಚಿಕ್ಕದಾಗಿ ತಲೆ ಬಾಗಿಸಿದಳು.